ಹೆಸರಿಲ್ಲದ ಬಟನ್ನುಗಳು

ಜೂನ್ 9, ಸೋಮವಾರ

ಎಂಟು ವರ್ಷದಿಂದ ನಾನು ಕಟ್ಟಿ ಬೆಳೆಸಿದ ವೆಬ್‌ಸೈಟನ್ನು ಪುಣೆಯ ಯಾವುದೋ ಕಂಪನಿಗೆ ಕೊಟ್ಟುಬಿಡುತ್ತಾರಂತೆ. ಬೆಳಗಿನ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಪ್ರವೀಣ ಇದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ, ಕ್ಯಾಂಟೀನಿನಲ್ಲಿ ಇವತ್ತು ಚಪಾತಿ ಇಲ್ಲ ಅಂದ ಹಾಗಿತ್ತು.

ವಿಷಯ ಇಷ್ಟು. ನಮ್ಮ ಸೈಟು ಒಂದು ಆಸ್ಪತ್ರೆಯದು. ಜನ ಅದರಲ್ಲಿ ರಕ್ತಪರೀಕ್ಷೆಗೆ ಸಮಯ ಬುಕ್ ಮಾಡುತ್ತಾರೆ, ರಿಪೋರ್ಟು ಬಂದ ಮೇಲೆ ಅಲ್ಲೇ ತೆರೆದು ಓದುತ್ತಾರೆ. ಕಣ್ಣು ಕಾಣದ ಕೆಲವರು ತಮ್ಮಿಂದ ಆಗುತ್ತಿಲ್ಲ ಎಂದು ದೂರು ಕೊಟ್ಟಿದ್ದಾರೆ. ಜುಲೈ ಕೊನೆಗೆ ಆಸ್ಪತ್ರೆಯವರು ಬಂದು ಕೂರುತ್ತಾರೆ. ಕಣ್ಣು ಕಾಣದವರೊಬ್ಬರು ಯಾರ ಸಹಾಯವೂ ಇಲ್ಲದೆ ಬುಕ್ ಮಾಡಿ, ರಿಪೋರ್ಟು ಓದಿ ತೋರಿಸಬೇಕು. ಆಗದಿದ್ದರೆ ನಾನು ಬರೆದದ್ದೆಲ್ಲ ಕಸ. ಪುಣೆಯವರು ಮೊದಲಿನಿಂದ ಬರೆಯುತ್ತಾರೆ.

ಕಸವಂತೆ! ದೊಡ್ಡನೆಕ್ಕುಂದಿಯ ಈ ಆಫೀಸಿನಲ್ಲಿ ಆ ಸೈಟಿನ ಕೋಡಿಗೆ ಕೈ ಹಾಕುವ ಧೈರ್ಯ ನನ್ನನ್ನು ಬಿಟ್ಟರೆ ಇನ್ನೊಬ್ಬರಿಗಿಲ್ಲ. ಏನೇ ಕೆಟ್ಟರೂ ‘ಗುರುದೇವಿನ ಕರೀರಿ’ ಅನ್ನುತ್ತಾರೆ. ಹೋದ ವರ್ಷ ರಾಣೆಬೆನ್ನೂರಿನಲ್ಲಿ ನಾದಿನಿಯ ಮದುವೆ. ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದು ಕೈಯಲ್ಲಿ ಫೋನು. ಮಾಂಗಲ್ಯಧಾರಣೆಯ ಹೊತ್ತಿಗೆ ನಾನು ಪ್ರವೀಣನಿಗೆ ಒಂದು ಬಟನ್ನು ಎಲ್ಲಿದೆಯೆಂದು ಹೇಳಿಕೊಡುತ್ತಿದ್ದೆ. ನಮ್ಮ ಯಜಮಾನರು ಅಮರಪ್ಪನವರಿಗೆ ಸಿಟ್ಟು ಬಂದಿತ್ತು. ನನಗೆ ಮಾತ್ರ ಒಳಗೊಳಗೇ ಖುಷಿ.

ನಾಳೆ ರಿಮ್ಶಾ ಎನ್ನುವವಳು ಸೈಟನ್ನು ಪರೀಕ್ಷಿಸಿ ನೋಡುವ ಟೆಸ್ಟರ್ ಆಗಿ ಸೇರುತ್ತಾಳಂತೆ. ಅವಳಿಗೂ ಕಣ್ಣು ಕಾಣುವುದಿಲ್ಲ. ಬರಲಿ. ನನ್ನ ಕೆಲಸ ನೋಡಿ ಅವಳೇ ಮೆಚ್ಚುತ್ತಾಳೆ.

ಜೂನ್ 10, ಮಂಗಳವಾರ

ಮೆಚ್ಚಲಿಲ್ಲ.

ಶಿವಾಜಿನಗರದಿಂದ ಬಸ್ಸು ಹಿಡಿದು ಒಬ್ಬಳೇ ಬಂದಳು. ಕೋಲು ಮಡಚಿ ಬ್ಯಾಗಿಗೆ ಹಾಕಿ, ಲ್ಯಾಪ್‌ಟಾಪು ತೆರೆದು, ಸ್ಕ್ರೀನ್ ರೀಡರ್ ಶುರು ಮಾಡಿದಳು. ಪುಟದಲ್ಲಿ ಇರುವುದನ್ನೆಲ್ಲ ಓದಿ ಹೇಳುವ ಸಾಫ್ಟ್‌ವೇರು ಅದು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು. ನನ್ನ ಮೊದಲ ಪುಟ ಬಂತು. ‘ಕ್ಲಿಕಬಲ್. ಕ್ಲಿಕಬಲ್. ಕ್ಲಿಕಬಲ್.’ ಒತ್ತಬಹುದು ಎಂದಷ್ಟೇ, ಏನನ್ನು ಎಂದಿಲ್ಲ.

“ಮೇಡಂ, ಬುಕ್ ಮಾಡೋ ಬಟನ್ ಎಲ್ಲಿದೆ?”

“ಕಣ್ಮುಂದೇನೇ ಇದೆಯಲ್ಲ!” ಬಾಯಿ ತಪ್ಪಿ ಬಂದುಬಿಟ್ಟಿತು. ಸುತ್ತಲಿದ್ದವರು ತಲೆ ತಗ್ಗಿಸಿದರು.

ರಿಮ್ಶಾ ನಕ್ಕಳು. “ನಿಮ್ಮ ಕಣ್ಮುಂದೆ ಇದೆ ಮೇಡಂ. ನನ್ನ ಕಿವಿಗೆ ಬೀಳ್ತಿಲ್ಲ. ಅದಕ್ಕೆ ಹೆಸರೇ ಇಟ್ಟಿಲ್ವಲ್ಲ ನೀವು.”

ಅವಳು ಹೇಳುವುದೇನೆಂದರೆ, ನಾನು ಬಟನ್ನು ಎಂದುಕೊಂಡಿದ್ದು ಕೋಡಿನೊಳಗೆ ಬಟನ್ನೇ ಅಲ್ಲ, ಬಣ್ಣ ಹಚ್ಚಿದ ಒಂದು ಚೌಕ. ಕಣ್ಣಿದ್ದವರು ಬಣ್ಣ ನೋಡಿ ಬಟನ್ನು ಎಂದುಕೊಳ್ಳುತ್ತಾರೆ. ಆ ಸಾಫ್ಟ್‌ವೇರಿಗೆ ಬಣ್ಣ ಗೊತ್ತಿಲ್ಲ, ಕೀಬೋರ್ಡಿಗೂ ಅದು ಸಿಗುವುದಿಲ್ಲ. ಒಳಗೆ ಒಂದು ಚಿತ್ರ ಬಿಟ್ಟರೆ ಹೆಸರೂ ಇಲ್ಲ.

ಎಂಟು ವರ್ಷದಿಂದ ಲಕ್ಷಾಂತರ ಜನ ಅದನ್ನು ಒತ್ತಿದ್ದಾರೆ. ಅವರ್ಯಾರಿಗೂ ಇಲ್ಲದ ತೊಂದರೆ ಈ ಸಾಫ್ಟ್‌ವೇರಿಗೇಕೆ? ಅದನ್ನು ಬರೆದವರೇ ಸರಿ ಮಾಡಿಕೊಳ್ಳಬಹುದಿತ್ತು.

ಜೂನ್ 13, ಶುಕ್ರವಾರ

ಹೆಸರು ತಾನೇ ಬೇಕು? ಇಟ್ಟೆ. ಎರಡು ದಿನ ಕೂತು ಸೈಟಿನಲ್ಲಿರುವ ಪ್ರತಿಯೊಂದಕ್ಕೂ ಹೆಸರಿಟ್ಟೆ. ಬಟನ್ನಿಗೆ, ಚಿತ್ರಕ್ಕೆ, ಗೆರೆಗೆ, ಗೆರೆಯ ಕೆಳಗಿನ ನೆರಳಿಗೆ. ಎದೆಯುಬ್ಬಿಸಿಕೊಂಡು ರಿಮ್ಶಾಳ ಪಕ್ಕ ಹೋಗಿ ನಿಂತೆ.

ಸ್ಕ್ರೀನ್ ರೀಡರ್ ಬಾಯಿ ತೆರೆದದ್ದು ಮುಚ್ಚಲಿಲ್ಲ. ‘ಬುಕ್ ಮಾಡುವ ಬಟನ್ನು, ಬಟನ್ನು, ಇದನ್ನು ಒತ್ತಿದರೆ ಬುಕ್ ಆಗುತ್ತದೆ, ಬಟನ್ನಿನ ಪಕ್ಕದ ಚಿತ್ರ, ಚಿತ್ರದ ಕೆಳಗಿನ ಗೆರೆ...’ ಎಲ್ಲಾ ಇಂಗ್ಲಿಷಿನಲ್ಲಿ, ಉಸಿರು ಬಿಡದೆ.

“ಅಲ್ಲಾ! ಮದುವೆ ಮನೇಲಿ ಮೈಕ್ ಸಿಕ್ಕಿದ ಚಿಕ್ಕಪ್ಪನ ಥರ ಆಗಿದೆ ಮೇಡಂ ಇದು,” ಎಂದು ರಿಮ್ಶಾ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. “ಮೊದ್ಲು ಏನೂ ಹೇಳ್ತಿರ್ಲಿಲ್ಲ. ಈಗ ಯಾವುದು ಬೇಕೋ ಅದೊಂದನ್ನ ಬಿಟ್ಟು ಎಲ್ಲಾ ಹೇಳ್ತಿದೆ.”

ನನಗೆ ಉರಿದುಹೋಯಿತು. ಬ್ಯಾಗು ತೆಗೆದುಕೊಂಡು ಹೊರಟೆ. ಸಿ.ವಿ. ರಾಮನ್ ನಗರದ ಮನೆಯ ಹತ್ತಿರ ಆಟೋ ಇಳಿಯುವಾಗ ಆ ಚಿಕ್ಕಪ್ಪ ನೆನಪಾಗಿ ಒಬ್ಬಳೇ ನಕ್ಕೆ. ಆಟೋದವನು ಚಿಲ್ಲರೆ ಜಾಸ್ತಿ ಕೊಟ್ಟೆನೇನೋ ಎಂದು ಎಣಿಸಿ ನೋಡಿಕೊಂಡ.

ಜೂನ್ 18, ಬುಧವಾರ

ನನಗೆ ಜೊತೆಗೆ ಭೀಮಾಶಂಕರನನ್ನು ಹಾಕಿದ್ದಾರೆ. ಯಾದಗಿರಿಯವನು, ನನ್ನಷ್ಟೇ ಅನುಭವ ಇದೆ, ಮಾತು ಮೆತ್ತಗೆ. ನಾನೂ ಆ ಕಡೆಯವಳೇ, ಅವನೆದುರು ನನಗೂ ಬೆಂಗಳೂರಿನ ಮಾತು ಹೊರಡುವುದಿಲ್ಲ. ನನ್ನ ಕೋಡು ತೆರೆದು ಒಂದೊಂದೇ ಪುಟ ನೋಡುತ್ತಾ ಹೋದ.

“ಅಕ್ಕಾರ, ಈ ಬಟನ್ ಬುಕ್ಕಿಂಗ್ ಪೇಜಿನ್ಯಾಗೂ ಐತಿ, ರಿಪೋರ್ಟ್ ಪೇಜಿನ್ಯಾಗೂ ಐತಿ, ಲಾಗಿನ್ನಾಗೂ ಐತಿ. ಎಲ್ಲಾ ಕಡಿ ಬ್ಯಾರೆ ಬ್ಯಾರೆ ಬರದೀರಿ.”

“ಹೌದು. ಒಂದೊಂದ ಪೇಜಿಗೆ ಒಂದೊಂದ ಥರ ಬೇಕಿತ್ತು.”

“ಇವತ್ತ ಒಂದ ಕಡಿ ಸರಿ ಮಾಡಿದ್ರ ಉಳಿದ ಕಡಿ ಹಂಗ ಇರ್ತಾವಲ್ರೀ?”

“ಉಳಿದದ್ದು ಎಲ್ಲೆಲ್ಲಿ ಅದಾವ ಅಂತ ನನಗ ಗೊತ್ತೈತಿ. ನೀ ಮುಟ್ಟಬ್ಯಾಡ. ನಾ ಮಾಡ್ತೀನಿ.”

ಅವನು ಹ್ಞೂಂ ಎಂದು ತನ್ನ ಕುರ್ಚಿಗೆ ಹೋದ. ಇಡೀ ದಿನ ಒಂದೊಂದೇ ಬಟನ್ನು ಹುಡುಕಿ ಸರಿ ಮಾಡಿದೆ. ಸಂಜೆ ಲಾಗಿನ್ ಪುಟ ಮುರಿದು ಬಿತ್ತು. ಏಕೆಂದು ನನಗೂ ತಿಳಿಯಲಿಲ್ಲ, ಆದರೆ ಅದನ್ನು ಅವನ ಮುಂದೆ ಹೇಳಲಿಲ್ಲ.

ಜೂನ್ 25, ಬುಧವಾರ

ಇನ್ನು ಮೇಲೆ ಬುಧವಾರ ಯಾರೂ ಮೌಸ್ ಮುಟ್ಟುವಂತಿಲ್ಲ. ಇದು ರಿಮ್ಶಾಳ ಐಡಿಯಾ. ಒಂದು ಖಾಲಿ ಮೈಸೂರು ಪಾಕ್ ಡಬ್ಬಿ ಹಿಡಿದು ಮೇಜಿನಿಂದ ಮೇಜಿಗೆ ಹೋಗಿ ಎಲ್ಲರ ಮೌಸ್ ವಸೂಲಿ ಮಾಡಿದಳು. ಪ್ರವೀಣ ತನ್ನದನ್ನು ಪ್ಯಾಂಟಿನ ಜೇಬಿನಲ್ಲಿ ಬಚ್ಚಿಟ್ಟಿದ್ದ. ಬಾಲ ಹೊರಗೆ ನೇತಾಡುತ್ತಿತ್ತು, ನಾನೇ ಹಿಡಿದುಕೊಟ್ಟೆ.

ರಿಮ್ಶಾಳ ಹಾಗೆ ಬರೀ ಕೀಬೋರ್ಡಿನಲ್ಲಿ ನಮ್ಮ ಸೈಟಿನಲ್ಲಿ ಒಂದು ರಕ್ತಪರೀಕ್ಷೆ ಬುಕ್ ಮಾಡಬೇಕು. ಮೊದಲು ಪ್ರವೀಣ ಕೂತ. ತಾರೀಖು ಆರಿಸುವ ಕ್ಯಾಲೆಂಡರಿನೊಳಗೆ ಹೋದವನು ಹೊರಗೆ ಬರಲಿಲ್ಲ. ಯಾವ ಕೀ ಒತ್ತಿದರೂ ಅಲ್ಲೇ ಸುತ್ತುತ್ತಿದ್ದ.

“ಗುರುದೇವಿ, ಬಾಗಿಲು ಎಲ್ಲಮ್ಮಾ ಇದಕ್ಕೆ?”

“ಹೊರಗಡೆ ಕ್ಲಿಕ್ ಮಾಡಿದ್ರೆ ಮುಚ್ಚುತ್ತೆ.”

“ಮೌಸ್ ಕೊಡು ಹಂಗಾದ್ರೆ!”

ಎಲ್ಲರೂ ಬಿದ್ದುಬಿದ್ದು ನಕ್ಕರು. ಆ ಕ್ಯಾಲೆಂಡರು ನನಗೆ ಎಷ್ಟು ಇಷ್ಟವೆಂದು ಅವರಿಗೇನು ಗೊತ್ತು? ತಿಂಗಳು ಬದಲಾಗುವಾಗ ಪುಟ ಮಗುಚಿದ ಹಾಗೆ ತಿರುಗುತ್ತದೆ, ಭಾನುವಾರಗಳು ಮಿನುಗುತ್ತವೆ. ಅದನ್ನು ತೋರಿಸಿಯೇ ಆಸ್ಪತ್ರೆಯವರನ್ನು ಮೊದಲ ಸಲ ಒಪ್ಪಿಸಿದ್ದು. ನನ್ನ ಸರದಿ ಬಂದಾಗ ನಾನೂ ಅದರೊಳಗೆ ಸಿಕ್ಕಿಹಾಕಿಕೊಂಡೆ. ಕೊನೆಗೆ ಬ್ರೌಸರನ್ನೇ ಮುಚ್ಚಿ ಎದ್ದೆ.

ಜೂನ್ 27, ಶುಕ್ರವಾರ

ಕ್ಯಾಲೆಂಡರು ತೆಗೆದೆ. ದಿನ, ತಿಂಗಳು, ವರ್ಷ, ಮೂರು ಸಾದಾ ಖಾನೆ ಇಟ್ಟೆ. ಊಟ ಸೇರಲಿಲ್ಲ.

ಜುಲೈ 3, ಗುರುವಾರ

ಇವತ್ತು ರಿಪೋರ್ಟಿನ ಪುಟ. ನಾವು ಮೂವರೂ ಕೂತಿದ್ದೆವು. ರಿಮ್ಶಾ ಟೆಸ್ಟಿಗೆಂದು ಸೃಷ್ಟಿಸಿದ ಒಬ್ಬ ಸುಳ್ಳು ರೋಗಿಯ ರಿಪೋರ್ಟು ತೆರೆದು ಕೇಳಿಸಿಕೊಂಡಳು. ಸ್ಕ್ರೀನ್ ರೀಡರ್ ಬರೀ ಸಂಖ್ಯೆಗಳನ್ನು ಒದರುತ್ತಾ ಹೋಯಿತು. ಯಾವುದು ಹಿಮೋಗ್ಲೋಬಿನ್, ಯಾವುದು ಸಕ್ಕರೆ, ಒಂದೂ ಹೇಳಲಿಲ್ಲ.

“ಈ ರೋಗಿ ಆರಾಮಾಗಿದಾರೆ ಅಲ್ವಾ ಮೇಡಂ?” ಎಂದಳು.

ನಾನು ಸ್ಕ್ರೀನು ನೋಡಿದೆ. ಸಕ್ಕರೆ ಮುನ್ನೂರು ದಾಟಿತ್ತು, ಕಡುಗೆಂಪು ಬಣ್ಣದಲ್ಲಿತ್ತು. ಕೆಳಗೆ ವೈದ್ಯರು ಕನ್ನಡದಲ್ಲಿ ‘ತಕ್ಷಣ ಬಂದು ಕಾಣಿ’ ಎಂದು ಬರೆದಿದ್ದರು.

“ಆರಾಮಿಲ್ರೀ,” ಎಂದ ಭೀಮಾಶಂಕರ. “ಸಕ್ಕರಿ ಕೆಂಪಗ ತೋರಸಾಕತ್ತೈತಿ. ಡಾಕ್ಟರ್ ಕನ್ನಡದಾಗ ಬರದಾರ, ಲಗೂನ ಬರ್ರಿ ಅಂತ.”

“ಕೆಂಪು ಅಂತ ಅದು ಹೇಳ್ಲೇ ಇಲ್ಲ. ಕನ್ನಡ ಇದೆ ಅಂತಾನೂ ಹೇಳ್ಲಿಲ್ಲ. ಅಲ್ಲಿ ಏನೋ ಇದೆ ಅನ್ನೋದೇ ನನಗೆ ಗೊತ್ತಾಗ್ಲಿಲ್ಲ,” ಎಂದಳು ರಿಮ್ಶಾ. ಈ ಸಲ ಅವಳು ನಗಲಿಲ್ಲ.

ಕೋಡು ತೆರೆದು ನೋಡಿದೆ. ಪುಟ ಕನ್ನಡದ್ದೆಂದು ಕೋಡಿನ ತಲೆಯಲ್ಲಿ ಒಂದು ಸಾಲು ಹೇಳದಿದ್ದರೆ ಆ ಇಂಗ್ಲಿಷ್ ದನಿ ಕನ್ನಡವನ್ನು ಹಾರಿಸಿಕೊಂಡು ಮುಂದೆ ಹೋಗಿಬಿಡುತ್ತದೆ. ಆ ಸಾಲನ್ನು ನಾನು ಬರೆದೇ ಇರಲಿಲ್ಲ. ಕೆಂಪು ಬಣ್ಣ ಡಿಸೈನರ್ ಕೊಟ್ಟದ್ದು, ನಾನು ಹಾಕಿದ್ದು. ಚೆನ್ನಾಗಿ ಕಾಣುತ್ತಿತ್ತು. ಈಗಲೂ ಕಾಣುತ್ತದೆ.

ಪುಣೆಯವರ ವಿಚಾರ ಇವತ್ತು ಒಮ್ಮೆಯೂ ತಲೆಗೆ ಬರಲಿಲ್ಲ. ಆ ಸುಳ್ಳು ರೋಗಿಯ ವಿಚಾರವೇ ಬರುತ್ತಿತ್ತು.

ಜುಲೈ 4, ಶುಕ್ರವಾರ

ಬೆಳಿಗ್ಗೆ ಭೀಮಾಶಂಕರನನ್ನು ಪಕ್ಕಕ್ಕೆ ಕರೆದು ಹೇಳಿದೆ. ನೋಡು, ಹೀಗೆ ಒಂದೊಂದೇ ಪುಟ ತೇಪೆ ಹಾಕಿದರೆ ಆಗುವುದಿಲ್ಲ. ಬಟನ್ನು ಒಂದೇ ಕಡೆ ಬರೆಯೋಣ, ಎಲ್ಲ ಪುಟಗಳೂ ಅದನ್ನೇ ಕರೆದುಕೊಳ್ಳಲಿ. ತಾರೀಖಿನ ಖಾನೆ ಒಂದೇ, ರಿಪೋರ್ಟಿನ ಕೋಷ್ಟಕ ಒಂದೇ, ಪುಟದ ತಲೆ ಒಂದೇ. ಒಂದು ಕಡೆ ಸರಿ ಮಾಡಿದರೆ ಎಲ್ಲ ಕಡೆ ಸರಿ ಆಗಬೇಕು.

“ಭಾಳ ಚಲೋ ವಿಚಾರ್ರೀ ಅಕ್ಕಾರ,” ಎಂದು ಅವನು ಗಂಭೀರವಾಗಿ ತಲೆದೂಗಿದ. ಪಕ್ಕದಲ್ಲಿ ರಿಮ್ಶಾಳಿಗೆ ಏಕೋ ಕೆಮ್ಮು ಬಂತು.

ನನಗೆ ಇಂಥ ಯೋಚನೆಗಳು ಸ್ನಾನ ಮಾಡುವಾಗಲೇ ಬರುವುದು.

ಜುಲೈ 14, ಸೋಮವಾರ

ಹತ್ತು ದಿನದಿಂದ ಇಲ್ಲಿ ಒಂದಕ್ಷರ ಬರೆದಿಲ್ಲ. ಬರೆಯುವುದೆಲ್ಲ ಕೋಡಿನಲ್ಲೇ ಆಗಿದೆ.

ಹಳೆಯ ಕೋಡು ತೆಗೆದಷ್ಟೂ ಮುಗಿಯುತ್ತಿಲ್ಲ. ಅಟ್ಟ ಖಾಲಿ ಮಾಡಿದ ಹಾಗಿದೆ. ಯಾವ ಕಾಲದ್ದೋ, ಯಾವ ಪುಟಕ್ಕೂ ಬೇಡವಾದದ್ದು. ಮೊದಲು ಒಂದೊಂದು ಸಾಲು ಅಳಿಸುವ ಮುಂಚೆಯೂ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳುತ್ತಿದ್ದೆ. ಈಗ ಭೀಮಾಶಂಕರ ಅಳಿಸಲೇ ಎಂದು ಕೇಳುವ ಮೊದಲೇ ನಾನು ಅಳಿಸಿರುತ್ತೇನೆ.

ಬಟನ್ನು ಈಗ ನಿಜವಾದ ಬಟನ್ನು. ಚಿಕ್ಕ ಹೆಸರು, ಒಂದೇ ಸಲ ಹೇಳುತ್ತದೆ. ಸಂಖ್ಯೆಗೆ ಮೊದಲು ಪರೀಕ್ಷೆಯ ಹೆಸರು ಬರುತ್ತದೆ. ಮಿತಿ ದಾಟಿದ್ದರೆ ಕೆಂಪು ಬಣ್ಣದ ಜೊತೆ ‘ಹೆಚ್ಚಿದೆ’ ಎಂಬ ಮಾತೂ ಇದೆ. ಇವತ್ತು ಸ್ಕ್ರೀನ್ ರೀಡರ್ ಮೊದಲ ಸಲ ಕನ್ನಡದ ದನಿಯಲ್ಲಿ ‘ಸಕ್ಕರೆ, ಮುನ್ನೂರ ಹನ್ನೆರಡು, ಹೆಚ್ಚಿದೆ’ ಎಂದಿತು. ಯಂತ್ರದ ಒರಟು ದನಿ, ನಮ್ಮ ಕಡೆಯ ಉಚ್ಚಾರವೂ ಅಲ್ಲ. ಆದರೂ ನನ್ನ ಕಣ್ಣಲ್ಲಿ ನೀರು ಬಂತು. ಪ್ರವೀಣ ನೋಡಿದ. ಧೂಳು ಎಂದೆ.

ಕೋಡಿನ ಪ್ರತಿ ತುಣುಕಿನ ಮೇಲೂ ಅದು ಏನು, ಏಕೆ ಹೀಗಿದೆ ಎಂದು ಸರಳವಾಗಿ ಬರೆದಿಡುತ್ತಿದ್ದೇನೆ. ಹೊಸಬರು ಬಂದು ಓದಿದರೆ ನನ್ನ ಹತ್ತಿರ ಬರುವ ಅಗತ್ಯ ಬೀಳಬಾರದು. ಪದೇ ಪದೇ ಬಂದು ಕೇಳಿದರೆ ನನಗೂ ಕಿರಿಕಿರಿ.

ರಿಮ್ಶಾ ಇವತ್ತು ಊಟಕ್ಕೆ ಕರೆಯುವಾಗ ಅಕ್ಕ ಎಂದಳು.

ಜುಲೈ 23, ಬುಧವಾರ

ಮೂರು ದಿನದಿಂದ ಜ್ವರ. ಮೈಯೆಲ್ಲ ಜಜ್ಜಿದ ಹಾಗಿದೆ. ಅಮರಪ್ಪನವರು ಗಂಜಿ ಮಾಡಿಕೊಟ್ಟು ಫೋನು ಕಿತ್ತಿಟ್ಟುಕೊಂಡಿದ್ದರು. ಮಧ್ಯಾಹ್ನ ಬೇಡಿ ಇಸಿದುಕೊಂಡೆ. ಆಫೀಸಿನಿಂದ ಒಂದು ಕರೆಯೂ ಇಲ್ಲ!

ಮೆಸೇಜುಗಳನ್ನು ಓದಿದೆ. ಆಸ್ಪತ್ರೆಯವರು ಸೋಮವಾರವೇ ಹೊಸದೊಂದು ಕೇಳಿದ್ದಾರೆ. ರಿಪೋರ್ಟಿನ ಕೆಳಗೆ ‘ವೈದ್ಯರನ್ನು ಕೇಳಿ’ ಎಂಬ ಬಟನ್ನು ಬೇಕಂತೆ, ಅವರು ಬಂದು ಕೂರುವ ದಿನಕ್ಕೆ ಇರಲೇಬೇಕಂತೆ. ಎದ್ದು ಕೂತೆ. ಭೀಮಾಶಂಕರನಿಗೆ ಫೋನು ಮಾಡಿದೆ.

“ಯಾಕ ಫೋನ್ ಮಾಡ್ಲಿಲ್ಲ ನನಗ?”

“ಬೇಕ ಬೀಳ್ಲಿಲ್ರೀ ಅಕ್ಕಾರ. ನಿನ್ನೇನ ಮುಗೀತು. ರಿಮ್ಶಾ ಕೇಳಿ ನೋಡಿ ಪಾಸ್ ಮಾಡ್ಯಾರ.”

“ಏನಾರ ಮುರದಿಲ್ಲಲ್ಲ?”

“ಏನೂ ಮುರದಿಲ್ರೀ. ನೀವು ಆರಾಮ ತಗೋರಿ.”

ಸಿಟ್ಟು ಬಂತು. ಬೇಕ ಬೀಳ್ಲಿಲ್ವಂತೆ! ಲ್ಯಾಪ್‌ಟಾಪನ್ನು ಹೊದಿಕೆಯೊಳಗೆ ಎಳೆದುಕೊಂಡು ಅವನು ಏನೇನು ಹಾಳು ಮಾಡಿದ್ದಾನೆಂದು ಹುಡುಕಿದೆ. ಏನೂ ಇಲ್ಲ. ನಾನು ಕಟ್ಟಿಟ್ಟ ಬಟನ್ನನ್ನೇ ಕರೆದಿದ್ದಾನೆ, ಒಂದು ಹೆಸರು ಕೊಟ್ಟಿದ್ದಾನೆ, ಮುಗಿಯಿತು. ಬೆರಳೆಣಿಕೆಯ ಸಾಲುಗಳು. ನಾನು ಬರೆದಿದ್ದರೂ ಹಾಗೇ ಬರೆಯುತ್ತಿದ್ದೆ. ಮತ್ತೆ ಓದಿದೆ. ಎಷ್ಟು ಚೊಕ್ಕವಾಗಿದೆ! ಓದುತ್ತಾ ಓದುತ್ತಾ ನಿದ್ದೆ ಬಂದುಬಿಟ್ಟಿತು.

ಜುಲೈ 30, ಬುಧವಾರ

ಇವತ್ತು ನಮ್ಮ ಸೈಟಿನ ಪರೀಕ್ಷೆ.

ಆಸ್ಪತ್ರೆಯವರು ತಮ್ಮ ರೋಗಿಗಳಲ್ಲೇ ಒಬ್ಬರನ್ನು ಕರೆತಂದಿದ್ದರು. ಅಂಜನಮೂರ್ತಿ, ವಿಮಾನಪುರದವರು, ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಸಕ್ಕರೆ ಕಾಯಿಲೆಗೆ ಎರಡೂ ಕಣ್ಣು ಹೋಗಿವೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ನಮ್ಮ ಸೈಟನ್ನು ಈ ಮುಂಚೆ ಮುಟ್ಟಿಲ್ಲ. ನಾವು ಯಾರೂ ಬಾಯಿ ತೆರೆಯುವಂತಿಲ್ಲ ಎಂದು ಮೊದಲೇ ಹೇಳಿಬಿಟ್ಟರು.

ಅವರು ನಿಧಾನ. ಹೆಸರು, ವಯಸ್ಸು ತುಂಬಿದರು. ತಾರೀಖಿನ ಖಾನೆಗೆ ಬಂದು ನಿಂತರು. ಕೀಬೋರ್ಡಿನ ಮೇಲೆ ಬೆರಳು ಆಡಿಸುತ್ತಾ ಏನೋ ಹುಡುಕಿದರು. ಎಷ್ಟು ಹೊತ್ತಾದರೂ ಮುಂದೆ ಹೋಗಲಿಲ್ಲ. ನನಗೆ ತಡೆಯಲಾಗಲಿಲ್ಲ, ಹೋಗಿ ಮುಂದಿನ ಖಾನೆಗೆ ದಾಟಿಸುವ ಕೀ ಒತ್ತಿಬಿಡೋಣ ಎಂದು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದೆ. ಪಕ್ಕದಲ್ಲಿದ್ದ ರಿಮ್ಶಾ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಎದ್ದದ್ದು ಅವಳಿಗೆ ಹೇಗೆ ಗೊತ್ತಾಯಿತೋ!

“ಸುಮ್ನೆ ಕೂತ್ಕೊಳಿ ಅಕ್ಕ,” ಎಂದು ಪಿಸುಗುಟ್ಟಿದಳು. “ಅವ್ರು ಹುಡುಕ್ಕೋತಾರೆ.”

ಹುಡುಕಿಕೊಂಡರು. ತಿಂಗಳು ತಪ್ಪು ಹಾಕಿದ್ದರು, ಸೈಟು ಅದನ್ನು ಬಾಯಿಬಿಟ್ಟು ಹೇಳಿತು, ತಿದ್ದಿಕೊಂಡರು. ಬುಕ್ ಆಯಿತು. ಆಮೇಲೆ ನಮ್ಮ ಸುಳ್ಳು ರೋಗಿಯ ರಿಪೋರ್ಟು ತೆರೆದು ಒಂದೊಂದೇ ಸಾಲು ಕೇಳಿಸಿಕೊಂಡರು. ‘ಹೆಚ್ಚಿದೆ’ ಎಂದಲ್ಲಿ ತಲೆಯೆತ್ತಿದರು.

“ಓಹೋ, ಇವ್ರಿಗೂ ನನ್ನದೇ ಕಾಯಿಲೆ,” ಎಂದು ನಕ್ಕು, ‘ವೈದ್ಯರನ್ನು ಕೇಳಿ’ ಎಂಬುದನ್ನು ತಾವೇ ಹುಡುಕಿ ಒತ್ತಿದರು. ಯಾರೂ ಕೈ ಹಿಡಿದು ತೋರಿಸಲಿಲ್ಲ.

“ಯಾರಮ್ಮಾ ಇದನ್ನ ಕಟ್ಟಿದ್ದು?” ಎಂದು ಕೇಳಿದರು. “ನಮ್ಮ ಕಾರ್ಖಾನೇಲಿ ಯಾವ ಪಾರ್ಟಾದ್ರೂ ಮುಟ್ಟಿದ ತಕ್ಷಣ ಗೊತ್ತಾಗ್ತಿತ್ತು, ಯಾವ ಕಡೆ ತಿರುಗಿಸ್ಬೇಕು ಅಂತ. ಹಂಗಿದೆ ಇದು.”

ಪ್ರವೀಣ ನನ್ನ ಕಡೆ ಕೈ ತೋರಿಸಿದ, ಅವರಿಗೆ ಕಾಣುವುದಿಲ್ಲವೆಂದು ಹೊಳೆದು ಕೈ ಇಳಿಸಿದ. “ನಾವು ಮೂರು ಜನ ಸಾರ್. ನಾನು ಗುರುದೇವಿ, ಇವನು ಭೀಮಾಶಂಕರ, ಇವಳು ರಿಮ್ಶಾ,” ಎಂದೆ. ಅವರು ಮೂವರ ಕೈಯನ್ನೂ ಕುಲುಕಿದರು.

ಆಸ್ಪತ್ರೆಯವರು ಹೊರಡುವ ಮೊದಲೇ ಹೇಳಿಬಿಟ್ಟರು, ಸೈಟು ನಮ್ಮಲ್ಲೇ ಉಳಿಯುತ್ತದೆ. ಭೀಮಾಶಂಕರ ಇಂದಿರಾನಗರಕ್ಕೆ ಕರೆದುಕೊಂಡು ಹೋಗಿ ಎಲ್ಲರಿಗೂ ಐಸ್‌ಕ್ರೀಂ ಕೊಡಿಸಿದ.

ಆಗಸ್ಟ್ 8, ಶುಕ್ರವಾರ

ಹೊಸ ಸೈಟು ಎಲ್ಲರಿಗೂ ತೆರೆದು ನಾಲ್ಕು ದಿನವಾಯಿತು.

ಇವತ್ತು ಮಧ್ಯಾಹ್ನ ರಿಮ್ಶಾ ಇಯರ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕುಳಿತಿದ್ದಳು. ಕೈಯಲ್ಲಿ ಲ್ಯಾಪ್‌ಟಾಪು ಇರಲಿಲ್ಲ, ತನ್ನ ಫೋನು ಇತ್ತು. ಬಹಳ ಹೊತ್ತು ಕದಲಲಿಲ್ಲ. ಹೋಗಿ ಭುಜ ಮುಟ್ಟಿದೆ.

“ಏನು, ಬಗ್ ಏನಾದ್ರೂ ಸಿಕ್ತಾ?”

“ಇಲ್ಲ ಅಕ್ಕ. ಟೆಸ್ಟ್ ಮಾಡ್ತಿಲ್ಲ. ನಂದೇ ರಿಪೋರ್ಟು. ಮೊನ್ನೆ ನಮ್ಮ ಸೈಟಲ್ಲೇ ಬುಕ್ ಮಾಡಿ ರಕ್ತ ಕೊಟ್ಟು ಬಂದೆ.”

ನಾನು ಅವಳ ಮುಖ ನೋಡಿದೆ. ಮುಖದಲ್ಲಿ ಏನೂ ತಿಳಿಯಲಿಲ್ಲ. “ಏನಂತೆ? ಎಲ್ಲಾ ಸರಿಯಿದೆ ತಾನೇ?”

ಅವಳು ಒಂದು ಇಯರ್‌ಫೋನು ತೆಗೆದಳು. “ಅಕ್ಕ, ಚಿಕ್ಕೋಳಿದ್ದಾಗಿಂದ ನನ್ನ ರಿಪೋರ್ಟು ಮೊದ್ಲು ನಮ್ಮಣ್ಣ ಅಕ್ತರ್ ಭಾಯ್ ಓದ್ತಿದ್ದ. ಓದಿ ಸ್ವಲ್ಪ ಹೊತ್ತು ಸುಮ್ಮನಿರ್ತಿದ್ದ. ಆಮೇಲೆ ಏನೂ ಇಲ್ಲ ಬಿಡು ಅಂತಿದ್ದ. ಒಳ್ಳೆಯವನೇ, ನನ್ನ ಕಂಡ್ರೆ ಪ್ರಾಣ. ಆದ್ರೆ ಆ ಸುಮ್ಮನಿರೋದ್ರಲ್ಲಿ ಏನಿದೆ ಅಂತ ನಾನು ಅವನ ಉಸಿರು ಕೇಳಿ ಕಂಡುಹಿಡೀಬೇಕಿತ್ತು. ಈಗ ನೋಡಿ, ನನ್ನ ಮೈಯಲ್ಲಿ ಏನಿದೆ ಅಂತ ನನಗೆ ಮೊದ್ಲು ಗೊತ್ತಾಯ್ತು. ಮನೇಲಿ ಯಾರಿಗೂ ಇನ್ನೂ ಗೊತ್ತಿಲ್ಲ.”

“ಅಯ್ಯೋ, ಏನಿದೆ ಹೇಳೇ!”

“ಹೇಳಲ್ಲ,” ಎಂದಳು. ಇಯರ್‌ಫೋನು ಮತ್ತೆ ಹಾಕಿಕೊಂಡಳು. ತುಟಿಯಂಚಿನಲ್ಲಿ ನಗುತ್ತಿದ್ದಳು.

ನಾನು ಬಂದು ನನ್ನ ಜಾಗದಲ್ಲಿ ಕುಳಿತೆ. ಆ ಪುಟದ ಒಂದೊಂದು ಸಾಲೂ ನಮ್ಮ ಕೈಯಲ್ಲಿ ಬರೆದದ್ದು, ಅವಳು ಕೂತಿದ್ದದ್ದು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಅದರಲ್ಲಿ ಏನಿದೆಯೆಂದು ನನಗೆ ಗೊತ್ತೇ ಇಲ್ಲ! ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಮರಪ್ಪನವರಿಗೆ ಇದನ್ನು ಹೇಳಿದೆ. ಊಟಕ್ಕೆ ಕೂತಾಗ ಮತ್ತೆ ಹೇಳಿದೆ.

“ಗೊತ್ತಿಲ್ಲ ಅಂತ ಇಷ್ಟು ಜಂಬ ಪಡೋಳನ್ನ ಎಲ್ಲೂ ನೋಡಿಲ್ಲಪ್ಪ ನಾನು,” ಎಂದರು.

ಪಡದೆ ಇನ್ನೇನು?